ನಡುವಯಸ್ಸಿನಲ್ಲಿ ನೌಕರಿ ತೊರೆದು ಹಳ್ಳಿಕಾರ್ ಜೋಡೆತ್ತು ಸಾಕಣೆ: ನಿರ್ಧಾರಕ್ಕೆ ಮುನ್ನ ತಿಳಿಯಬೇಕಾದ ಅಂಶಗಳು

ಕಾರ್ಖಾನೆ, ಕಚೇರಿಗಳಲ್ಲಿ ಇಪ್ಪತ್ತು ವರ್ಷ ದುಡಿದವರು ನಲವತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳಿ ಹಳ್ಳಿಕಾರ್ ಎತ್ತುಗಳನ್ನು ಸಾಕಲು ಬಯಸುವುದುಂಟು. ತುಮಕೂರು, ಮಂಡ್ಯ, ಹಾಸನ, ಮೈಸೂರು ಭಾಗದ ಈ ತಳಿಯು ದುಡಿಮೆಗೂ ಚುರುಕು ನಡಿಗೆಗೂ ಹೆಸರಾಗಿದೆ. ಬಯಕೆ ಸಹಜವಾದುದೇ. ಆದರೆ ಇದು ಹೈನುಗಾರಿಕೆಯಂತೆ ನಿಯಮಿತವಾಗಿ ಬಟವಾಡೆ ತರುವ ಕಸುಬಲ್ಲ. ಆದ್ದರಿಂದ ರಾಜೀನಾಮೆಗೆ ಮುನ್ನ ಕಾಲದ ಲೆಕ್ಕ ಹಾಕುವುದು ಅವಶ್ಯಕ.

ಆದಾಯಕ್ಕೆ ತಗಲುವ ಕಾಲ

ಹಳ್ಳಿಕಾರ್ ದುಡಿಮೆಯ ತಳಿ. ಹಾಲಿನ ಇಳುವರಿ ಕಡಿಮೆ, ಅದರಲ್ಲಿ ಕರುವಿನ ಪಾಲೇ ದೊಡ್ಡದು. ಇಂದು ಗಬ್ಬವಾದ ಹಸು ಸುಮಾರು 280 ದಿನಗಳ ನಂತರ ಈಯುತ್ತದೆ. ಹುಟ್ಟಿದ್ದು ಹೋರಿಕರುವೇ ಆದರೂ ಅದು ನೊಗಕ್ಕೆ ಸಿದ್ಧವಾಗಲು ಎರಡೂವರೆಯಿಂದ ಮೂರು ವರ್ಷ ಬೇಕು. ಅಂದರೆ 46ರಲ್ಲಿ ಆರಂಭಿಸಿದವರು ಮನೆಯಲ್ಲಿ ಹುಟ್ಟಿದ ಮೊದಲ ಎತ್ತನ್ನು ಮಾರುವಾಗ 50ರ ಅಂಚಿನಲ್ಲಿರುತ್ತಾರೆ. ಮಕ್ಕಳ ವ್ಯಾಸಂಗದ ವೆಚ್ಚ ಏರುವ ಕಾಲವೂ ಅದೇ.

ಈ ಭಾಗದ ರೈತರು ಬಹುಕಾಲದಿಂದ ಅನುಸರಿಸುತ್ತಿರುವ ಮಾರ್ಗ ಇದಕ್ಕಿಂತ ಹತ್ತಿರದ್ದು. ಒಂದೂವರೆ ವರ್ಷದ, ಬಣ್ಣ, ಎತ್ತರ ಹಾಗೂ ಕೊಂಬು ಹೊಂದುವ ಎರಡು ಕರುಗಳನ್ನು ಕೊಂಡು, ಜೋಡಿ ಮಾಡಿ, ಪಳಗಿಸಿ, ಘಾಟಿ ಸುಬ್ರಹ್ಮಣ್ಯ ಅಥವಾ ಚುಂಚನಕಟ್ಟೆಯಂತಹ ಜಾತ್ರೆಯಲ್ಲಿ ಮಾರುವುದು. ಜಾತ್ರೆ ವರ್ಷಕ್ಕೊಮ್ಮೆ, ಬೆಲೆ ಕೂಡಿಬಾರದಿದ್ದರೆ ಮತ್ತೆ ಮೇವಿನ ಹೊರೆ.

ಮೇವಿನ ಲೆಕ್ಕ

400 ಕೆ.ಜಿ. ತೂಕದ ಎತ್ತಿಗೆ ದೇಹತೂಕದ ಶೇ. 2.5ರಂತೆ ದಿನಕ್ಕೆ 10 ಕೆ.ಜಿ. ಒಣ ಪದಾರ್ಥ ಬೇಕು. ಒಂದು ಜೋಡಿಗೆ ವರ್ಷಕ್ಕೆ 7,300 ಕೆ.ಜಿ. ಸ್ವಂತ ಜಮೀನಿನ ರಾಗಿ ಹುಲ್ಲು ಎಷ್ಟು ತಿಂಗಳು ಬರುತ್ತದೆಂದು ಮೊದಲು ಅಳೆಯಿರಿ. ಹುಲ್ಲು, ಹಿಂಡಿ, ಬೂಸಾ ಎಲ್ಲವನ್ನೂ ಕೊಂಡು ಸಾಕಿದರೆ ಲಾಭ ಉಳಿಯುವುದು ಕಷ್ಟ.

ಪಳಗಿಸುವ ಕೌಶಲ

ಜೋಡಿಗೆ ಬೆಲೆ ತರುವುದು ಪಳಗಿಸಿದ ಕೈ. ಮೊದಲು ಬರಿಯ ನೊಗ, ನಂತರ ಹಗುರ ಮರದ ತುಂಡು, ಬಳಿಕ ಕುಂಟೆ, ಕೊನೆಗೆ ನೇಗಿಲು ಎಂಬ ಕ್ರಮ ತಪ್ಪಬಾರದು. ಬಲಕ್ಕೆ ಕಟ್ಟಿದ ಎತ್ತನ್ನು ಬಲಕ್ಕೇ ಕಟ್ಟಬೇಕು. ಜೋಡಿಯು ನಿರಂತರವಾಗಿ ಎಳೆಯಬಲ್ಲ ಬಲವು ಒಟ್ಟು ದೇಹತೂಕದ ಸುಮಾರು ಶೇ. 10 ಮಾತ್ರ. ಇದನ್ನು ಊರಿನ ಹಿರಿಯ ರೈತರ ಜೊತೆ ನಿಂತು ಕಲಿಯುವುದೇ ಸೂಕ್ತ.

ವಯಸ್ಸಾದ ಎತ್ತುಗಳು

2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮವು ಗೋವು, ಎತ್ತುಗಳ ವಧೆಯನ್ನು ನಿಷೇಧಿಸಿದೆ. ದುಡಿಮೆ ಮುಗಿದ ಎತ್ತಿನ ಮೇವಿನ ವೆಚ್ಚವನ್ನೂ ಆರಂಭದಲ್ಲಿಯೇ ಲೆಕ್ಕಕ್ಕೆ ಸೇರಿಸಬೇಕು.

ಶಿಫಾರಸುಗಳು

• ನೌಕರಿಯಲ್ಲಿರುವಾಗಲೇ ಒಂದು ಜೋಡಿಯನ್ನು ಬೇಸಿಗೆಯೂ ಸೇರಿದಂತೆ ಒಂದು ವರ್ಷ ಸಾಕಿ ನೋಡಿರಿ. ವಾರದ ದಿನಗಳಲ್ಲಿ ಮೇವು ಹಾಕುವವರು ಬೇರೆಯವರಾದರೆ ಅದು ಅವರ ಪರೀಕ್ಷೆ, ನಿಮ್ಮದಲ್ಲ. ದೀರ್ಘ ರಜೆ ಪಡೆದು ಸ್ವತಃ ಮಾಡಿರಿ.
• ಕನಿಷ್ಠ ಎರಡು ವರ್ಷಗಳ ಮನೆಖರ್ಚು ಹಾಗೂ ಮೇವಿನ ಹಣವನ್ನು ಪ್ರತ್ಯೇಕವಾಗಿಡಿರಿ. ಭವಿಷ್ಯನಿಧಿಯನ್ನು ಕೊಟ್ಟಿಗೆಗೆ ಸುರಿಯಬೇಡಿರಿ.
• ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆ ರೋಗಗಳಿಗೆ ಮುಂಗಾರಿಗೆ ಮುನ್ನ ಲಸಿಕೆ ಹಾಕಿಸಿರಿ.
• ಮನೆಯವರ ಒಪ್ಪಿಗೆ ಪಡೆಯಿರಿ. ನೀವು ಊರಲ್ಲಿಲ್ಲದ ದಿನ ಎತ್ತುಗಳಿಗೆ ನೀರು ಕುಡಿಸುವವರು ಅವರೇ.

ವರ್ಷದ ಕೊನೆಗೆ ಖರ್ಚಿನ ಪುಸ್ತಕವನ್ನು ತೆರೆದು, ಸಮೀಪದ ಕೃಷಿ ವಿಜ್ಞಾನ ಕೇಂದ್ರ ಹಾಗೂ ಪಶುವೈದ್ಯರೊಡನೆ ಚರ್ಚಿಸಿ, ಅನಂತರವೇ ರಾಜೀನಾಮೆಯ ನಿರ್ಧಾರ ಕೈಗೊಳ್ಳುವುದು ಉತ್ತಮ.