3.7 ಕೋಟಿಯೊಳಗಿನ 27 ಪುಟ

ಅಣ್ಣನ ಮಗಳು ಮಂಗನ ಕಾಯಿಲೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಮೂರು ದಿನದಿಂದ ಒಂದು ಲೇಖನದ ಮುಂದೆ ತಲೆ ಕೆರೆದುಕೊಂಡು ಕೂತಿದ್ದಳು. ಗೂಗಲ್‌ನಲ್ಲಿ ಹೆಸರು ಸಿಕ್ಕಿತ್ತು, ಒತ್ತಿದರೆ 35 ಡಾಲರ್ ಕೇಳುತ್ತಿತ್ತು. ಹೆಚ್ಚುಕಡಿಮೆ ಮೂರು ಸಾವಿರ ರೂಪಾಯಿ, ಅದೂ ಹತ್ತು ಪುಟಕ್ಕೆ! ಕೊನೆಗೆ ತನ್ನ ವಿಶ್ವವಿದ್ಯಾಲಯದ ಲೈಬ್ರರಿಗೆ ಹೊರಟಳು. ನಾನೂ ಜೊತೆಗೆ ಹೋದೆ.

"ಎಲ್ಲಿಂದ ಓಪನ್ ಮಾಡಿದ್ಯಮ್ಮಾ?" ಅಂದರು ಲೈಬ್ರರಿಯನ್.

"ಮನೆಯಿಂದ ಸರ್, ಗೂಗಲ್‌ನಲ್ಲಿ."

"ಅದಕ್ಕೇ ದುಡ್ಡು ಕೇಳಿದೆ. ನೀನು ಯಾರು ಅಂತ ಅದಕ್ಕೇನು ಗೊತ್ತು?"

ಅವರು ಕ್ಯಾಂಪಸ್‌ನ ಕಂಪ್ಯೂಟರ್‌ನಲ್ಲಿ ಅದೇ ಲೇಖನ ತೆರೆದರು. ದುಡ್ಡಿನ ಸುದ್ದಿಯೇ ಇಲ್ಲದೆ ಪಿಡಿಎಫ್ ಇಳಿಯಿತು. ಪ್ರಕಾಶಕರ ಸರ್ವರ್ ನೋಡುವುದು ಐಪಿ ವಿಳಾಸವನ್ನು. ವಿಶ್ವವಿದ್ಯಾಲಯದ್ದಾದರೆ ಒಳಗೆ ಬಿಡುತ್ತದೆ. ಮನೆಯಿಂದ ಬೇಕಿದ್ದರೆ ಇನ್‌ಫೆಡ್ ಎಂಬ ಲಾಗಿನ್ ಇದೆ, ಲೈಬ್ರರಿಯಲ್ಲಿ ಕೇಳಿ ಪಡೆಯಬೇಕು. ಮೂರು ದಿನದ ಸಂಕಟ ಮೂರು ನಿಮಿಷದಲ್ಲಿ ಮುಗಿಯಿತು.

ಈ ಸಲೀಸಿನ ಹಿಂದಿನ ಲೆಕ್ಕ ಕೇಳಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಹತ್ತಿರಹತ್ತಿರ 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. 6,000 ಕೋಟಿ ಅಂದಾಗ ಎದೆ ಧಸಕ್ಕೆನ್ನುತ್ತದೆ ನಿಜ. ಆದರೆ ತಲೆಗೆ ಹಂಚಿ ನೋಡಿ: ಮೂರು ವರ್ಷಕ್ಕೆ ಒಬ್ಬರಿಗೆ ಸುಮಾರು 3,300 ರೂಪಾಯಿ, ದಿನಕ್ಕೆ ಮೂರು. ಅರ್ಧ ಟೀಗೂ ಸಾಲದ ದುಡ್ಡು. ನಮ್ಮ ಹುಡುಗಿಯನ್ನು ಒಂದೇ ಲೇಖನಕ್ಕೆ ಕೇಳಿದ್ದು ಹೆಚ್ಚುಕಡಿಮೆ ಅವಳ ಪಾಲಿನ ಮೂರು ವರ್ಷದ ಚಂದಾವನ್ನು.

ಬಾಗಿಲು ತೆರೆದರೆ ಆಯಿತಲ್ಲ ಅಂದುಕೊಂಡಿದ್ದೆ. ನಿಜವಾಗಿ ದಿಗಿಲಾದದ್ದು ಆಮೇಲೆ. ವೈದ್ಯಕೀಯ ಲೇಖನಗಳ ಪಟ್ಟಿಯಾದ ಪಬ್‌ಮೆಡ್ ಒಂದರಲ್ಲೇ 3.7 ಕೋಟಿಗೂ ಹೆಚ್ಚು ದಾಖಲೆಗಳಿವೆ. ಒಂದೊಂದರ ಸಾರಾಂಶಕ್ಕೆ ಎರಡೇ ನಿಮಿಷ ಇಟ್ಟುಕೊಳ್ಳೋಣ, ದಿನಕ್ಕೆ ಎಂಟು ಗಂಟೆ, ಭಾನುವಾರವಿಲ್ಲ, ಹಬ್ಬವಿಲ್ಲ. 420 ವರ್ಷ ಬೇಕು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲ ದಸರಾ ಮಾಡುವ ಮುಂಚೆಯೇ ಓದಲು ಕೂತಿದ್ದರೆ ಈಗ ಏಳಬಹುದಿತ್ತು. ಎದ್ದರೂ ಮುಗಿಯುವುದಿಲ್ಲ ಅನ್ನಿ, ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸದಾಗಿ ಸೇರುತ್ತವೆ. ಒಂದನ್ನು ಓದಿ ಮುಗಿಸುವಷ್ಟರಲ್ಲಿ ನಾಲ್ಕು ಬಂದು ಕೂತಿರುತ್ತವೆ.

ನಮ್ಮ ಕಾಲದ ಮರದ ಡ್ರಾಯರ್‌ಗಳು ನೆನಪಾದವು. ಅಂಗುಲಕ್ಕೆ ನೂರು ಕ್ಯಾಟಲಾಗ್ ಕಾರ್ಡ್ ಹಿಡಿಯುತ್ತವೆ ಎಂಬುದು ಲೈಬ್ರರಿಯವರ ಹಳೆಯ ಅಂದಾಜು. ಲೇಖಕ, ಶೀರ್ಷಿಕೆ, ವಿಷಯ ಅಂತ ಒಂದಕ್ಕೆ ಮೂರು ಕಾರ್ಡ್ ಹಾಕಿದರೆ ಪಬ್‌ಮೆಡ್‌ನ ಕಾರ್ಡ್ ಸಾಲು 28 ಕಿಲೋಮೀಟರ್ ಆಗುತ್ತದೆ, ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರುವಷ್ಟು.

ಇಷ್ಟರಲ್ಲಿ ಅವಳು ಹುಡುಕಲು ಶುರುಮಾಡಿದ್ದಳು. ಮೊದಲು 'ಕೆಎಫ್‌ಡಿ' ಎಂದು ಹೊಡೆದಳು. ಆಸ್ಪತ್ರೆಗಳಲ್ಲಿ, ಪತ್ರಿಕೆಗಳಲ್ಲಿ ನಾವೆಲ್ಲ ಕರೆಯುವುದೇ ಹಾಗೆ. ಬಂದವುಗಳಲ್ಲಿ ಎಷ್ಟೋ ಕಿಕುಚಿ-ಫುಜಿಮೊಟೊ ಎಂಬ ಕಾಯಿಲೆಯವು! ಅದು ಕುತ್ತಿಗೆಯ ದುಗ್ಧಗ್ರಂಥಿ ಊದುವ ರೋಗ, 1972ರಲ್ಲಿ ಜಪಾನಿನಲ್ಲಿ ಗುರುತಿಸಿದ್ದು. ಅದಕ್ಕೂ ಕೆಎಫ್‌ಡಿ ಅಂತಲೇ ಚುಟುಕು ಹೆಸರು. 'ಮಂಕಿ ಫೀವರ್' ಎಂದು ಉದ್ಧರಣ ಚಿಹ್ನೆ ಇಲ್ಲದೆ ಹಾಕಿದರೆ, ಮಂಗ ಒಂದು ಕಡೆ ಜ್ವರ ಒಂದು ಕಡೆ ಬಂದ ಲೇಖನಗಳೆಲ್ಲ ಸಾಲುಗಟ್ಟುತ್ತವೆ.

ಲೈಬ್ರರಿಯನ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನಿನ್ನ ಪದ ಬಿಡು, ಅವರ ಪದ ಹಿಡಿ" ಅಂದರು. ಪಬ್‌ಮೆಡ್‌ಗೆ ಮೆಶ್ ಎಂಬ ಪದಕೋಶವಿದೆ, ಸುಮಾರು 30,000 ಗೊತ್ತುಪಡಿಸಿದ ಪದಗಳು. ಲೇಖಕರು ಏನೇ ಕರೆದಿರಲಿ, ವಿಷಯಕ್ಕೆ ಇದರಿಂದಲೇ ಹೆಸರು ಅಂಟಿಸುತ್ತಾರೆ. ದಶಕಗಳ ಕಾಲ ಮನುಷ್ಯರೇ ಕೂತು ಓದಿ ಅಂಟಿಸಿದ್ದು. 2022ರಿಂದ ಯಂತ್ರ ಮಾಡುತ್ತಿದೆ. ಆ 30,000ದಲ್ಲಿ ನಮ್ಮ ಸೊರಬ ಸೀಮೆಯ ಊರೊಂದು ಕೂತಿದೆ: ಕ್ಯಾಸನೂರು ಫಾರೆಸ್ಟ್ ಡಿಸೀಸ್. ಈ ಹಳ್ಳಿಯ ಹೆಸರನ್ನು ಪಬ್‌ಮೆಡ್ ನಡೆಸುವ, ವಾಷಿಂಗ್‌ಟನ್ ಹತ್ತಿರದ ಲೈಬ್ರರಿಯೊಂದು ಕಾಪಾಡಿಕೊಂಡು ಬಂದಿದೆ ಅಂದಾಗ, ನನಗಂತೂ 28 ಕಿಲೋಮೀಟರಿಗಿಂತ ಅದೇ ದೊಡ್ಡದಾಗಿ ಕಂಡಿತು.

ಆ ಪದ ಹಾಕಿದ್ದೇ ತಡ, 3.7 ಕೋಟಿ ಕರಗಿ ಕೆಲವು ನೂರಕ್ಕೆ ಬಂತು. ಅದಕ್ಕೆ 'ಆ್ಯಂಡ್' ಸೇರಿಸಿ, ಕಾಯಿಲೆ ಹರಡುವ ಉಣುಗಿನ ಪದ ಹಾಕಿದಾಗ ಪಟ್ಟಿ ಇನ್ನೂ ಕುಗ್ಗಿತು. ಒಂದು ಮಧ್ಯಾಹ್ನಕ್ಕೆ ಕಣ್ಣಾಡಿಸಿ ಮುಗಿಸಬಹುದಾದಷ್ಟು.

ಅಲ್ಲಿಂದ ಶೋಧಗಂಗಾಕ್ಕೆ ಹೋದರು. ದೇಶದ ಪಿಎಚ್‌.ಡಿ. ಪ್ರಬಂಧಗಳು 5 ಲಕ್ಷಕ್ಕೂ ಹೆಚ್ಚು ಅಲ್ಲಿವೆ, ಅದಕ್ಕೆ ಲಾಗಿನ್ನೂ ಬೇಡ. ಕನ್ನಡದವೂ ಇವೆ. ಆದರೆ ಕನ್ನಡ ಪ್ರಬಂಧ ಹುಡುಕುವವರಿಗೆ ಒಂದು ತಲೆನೋವು: ಎಷ್ಟೋ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿವೆ. 'ಸಾಮಾಜಿಕ'ಕ್ಕೆ ಒಬ್ಬರು ಒಂದು 'ಎ' ಹಾಕಿದರೆ ಇನ್ನೊಬ್ಬರು ಎರಡು ಹಾಕಿರುತ್ತಾರೆ. ಎರಡನ್ನೂ 'ಆರ್' ಹಾಕಿ ಹುಡುಕಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಏಟು ತಿಂದೇ ಕಲಿಯಬೇಕು.

ಸಂಜೆ ಹೊರಡುವ ಹೊತ್ತಿಗೆ ಅವಳು ಪಬ್‌ಮೆಡ್ ಪಟ್ಟಿಯ ಕೊನೆಗೆ ಹೋಗಿದ್ದಳು. ಅಲ್ಲಿ 1957ರ ದಾಖಲೆಗಳು, ಕಾಯಿಲೆ ಮೊದಲು ಗುರುತಾದ ವರ್ಷದವು. ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರ ಲೇಖನ: ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್, 11ನೇ ಸಂಪುಟ, 619ರಿಂದ 645ನೇ ಪುಟ. ಅಷ್ಟು ಹಳೆಯದಕ್ಕೆ ಸಾರಾಂಶವೂ ಇಲ್ಲ, ಪಿಡಿಎಫೂ ಇಲ್ಲ. ಬರೀ ಒಂದು ಸಾಲು.

ಲೈಬ್ರರಿಯನ್ ಜೇಬಿನಿಂದ ಪೆನ್ನು ತೆಗೆದು ಚೀಟಿಯಲ್ಲಿ ಸಂಪುಟ, ವರ್ಷ, ಪುಟ ಬರೆದುಕೊಂಡರು. "ನಮ್ಮಲ್ಲಿಲ್ಲ. ಹಳೇ ಮೆಡಿಕಲ್ ಕಾಲೇಜುಗಳಲ್ಲಿ ಬೈಂಡ್ ಮಾಡಿಸಿ ಇಟ್ಟಿರ್ತಾರೆ. ನಾಳೆ ಫೋನ್ ಮಾಡ್ತೀನಿ. 27 ಪುಟ ತಾನೇ, ಜೆರಾಕ್ಸ್ ಮಾಡಿ ಕಳಿಸ್ತಾರೆ."