ಕಹಳೆ ಬಂಡೆಯ ಕಿರುವನ

ಬೆಂಗಳೂರಿನ ಉದ್ಯಾನಗಳೆಂದೊಡನೆ ನೆನಪಿಗೆ ಬರುವುವು ಲಾಲ್‌ಬಾಗು, ಕಬ್ಬನ್ ಪಾರ್ಕು. ಪರಸ್ಥಳದವರು ಅವೆರಡನ್ನು ಕಂಡು ಸಂತೋಷದಿಂದ ಹಿಂದಿರುಗುವರು. ಆದರೆ ಊರಿನವರ ನಿತ್ಯಜೀವನಕ್ಕೆ ಒದಗತಕ್ಕದ್ದು ಮನೆಯಿಂದ ನಡೆದೇ ಹೋಗಬಹುದಾದ ಕಿರುವನ. ಬಸವನಗುಡಿಯ ಕಹಳೆ ಬಂಡೆಯ ಉದ್ಯಾನ ಅಂಥದು. ಜನರ ಬಾಯಲ್ಲಿ ಅದು ‘ಬ್ಯೂಗಲ್ ರಾಕ್’. ಚುರುಕಾಗಿ ನಡೆಯುವವರು ಅದನ್ನು ಸ್ವಲ್ಪ ಹೊತ್ತಿನಲ್ಲಿಯೇ ಸುತ್ತಿ ಬಂದಾರು. ನಿಂತು ನೋಡುತ್ತ ನಡೆಯುವವರಿಗೆ ಒಂದು ಬೆಳಗು ಸಾಲದು.

ಕಾಲಡಿಯ ಪ್ರಾಚೀನತೆ

ಇಲ್ಲಿ ಮೊದಲು ನೋಡತಕ್ಕದ್ದು ಮರವಲ್ಲ, ಕಲ್ಲು. ಉದ್ಯಾನದ ನಡುವೆ ಎದ್ದು ನಿಂತಿರುವ ಬಂಡೆ ‘ನೈಸ್’ ಎಂಬ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ತಲೆಯೆತ್ತತೊಡಗಿ ಸುಮಾರು 5 ಕೋಟಿ ವರ್ಷಗಳಾದುವೆಂದರೆ, ಈ ಬಂಡೆಯ ಮುಂದೆ ಆ ಪರ್ವತರಾಜನೂ ಎಳೆಯನೇ ಸರಿ! ಹತ್ತಿರ ಬಾಗಿ ನೋಡಿದರೆ ಬಿಳುಪು ಹಾಗೂ ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಕಾಣುತ್ತವೆ. ಭೂಗರ್ಭದ ತಾಪದಲ್ಲಿಯೂ ಒತ್ತಡದಲ್ಲಿಯೂ ಶಿಲೆ ಬೆಂದು ಮಡಿಸಿಕೊಂಡುದಕ್ಕೆ ಅದು ಸಾಕ್ಷಿ. ಇದೇ ಜಾತಿಯ ಲಾಲ್‌ಬಾಗಿನ ಬಂಡೆಯನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು.

ಬಂಡೆಯ ನೆತ್ತಿಯಲ್ಲಿ ಹಿಂದೆ ಕಾವಲುಗಾರರು ನಿಂತು, ಅಪಾಯದ ಸುಳಿವು ಕಂಡೊಡನೆ ಕಹಳೆಯೂದಿ ಊರನ್ನು ಎಚ್ಚರಿಸುತ್ತಿದ್ದರೆಂದು ಪ್ರತೀತಿ. ಹೆಸರು ಬಂದುದು ಅದರಿಂದಲೇ. ಒಂದು ಪಕ್ಕದಲ್ಲಿ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನೇ ಬಸವನ ಗುಡಿಯನ್ನೂ ಕಟ್ಟಿಸಿದನೆನ್ನುತ್ತಾರೆ. ವೃಷಭಾವತಿ ನದಿ ಹುಟ್ಟುವುದು ಈ ಬಸವನ ಪಾದದಲ್ಲಿ ಎಂಬುದು ಜನರ ನಂಬಿಕೆ. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಸುತ್ತಲ ರೈತರು ತಮ್ಮ ಬೆಳೆಯನ್ನು ತರುವುದು ಈ ಬೀದಿಗೇ. 1898ರ ಪ್ಲೇಗಿನ ತರುವಾಯ, ಗಾಳಿ ಬೆಳಕುಗಳುಳ್ಳ ಬಡಾವಣೆ ಬೇಕೆಂಬ ಅರಿವಿನಿಂದ ಬಸವನಗುಡಿ ಬೆಳೆಯಿತು. ಆರೋಗ್ಯಕ್ಕಾಗಿಯೇ ಹುಟ್ಟಿದ ಬಡಾವಣೆಯಲ್ಲಿ ನಡಿಗೆಗೊಂದು ವನವಿರುವುದು ಉಚಿತವೇ ಆಗಿದೆ.

ನಡೆಯುವವರ ಲೋಕ

ಮುಂಜಾನೆ ಇಲ್ಲಿಗೆ ಬರುವವರಲ್ಲಿ ಬಗೆಬಗೆಯವರುಂಟು. ಕೈಕೋಲು ಹಿಡಿದ ನಿವೃತ್ತರು, ಗುಡಿಗೆ ಹೋಗುವ ಮುನ್ನ ಎರಡು ಸುತ್ತು ಹಾಕುವ ಗೃಹಿಣಿಯರು, ಪುಸ್ತಕ ಬಿಚ್ಚಿ ಕೂರುವ ವಿದ್ಯಾರ್ಥಿಗಳು. ಡಿ.ವಿ.ಜಿ. ಅವರ ಪ್ರತಿಮೆ ಇವರೆಲ್ಲರನ್ನೂ ಮೌನವಾಗಿ ನೋಡುತ್ತಿರುತ್ತದೆ. ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳೂ ಈ ವನದ ಹಕ್ಕುದಾರರೇ. ಅವುಗಳ ಸದ್ದಿಗೆ ಬೇಸರಪಡುವವರುಂಟು. ಆದರೆ ಇರುಳಿನಲ್ಲಿ ಹೂವುಗಳ ಪರಾಗವನ್ನೊಯ್ದು, ಬೀಜಗಳನ್ನು ದೂರ ದೂರ ಬಿತ್ತಿ ಬರುವ ತೋಟಗಾರರು ಅವು.

ವಾರಕ್ಕೆ 150 ನಿಮಿಷಗಳಷ್ಟಾದರೂ ಚುರುಕಾದ ನಡಿಗೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಅದು ಪೂರೈಸಿತು. ಹಣ ತೆತ್ತು ವ್ಯಾಯಾಮಶಾಲೆ ಸೇರುವ ಅನುಕೂಲ ಎಲ್ಲರಿಗಿಲ್ಲ. ಹಳ್ಳ ಬಿದ್ದ ಕಾಲುದಾರಿ, ಎಡೆಬಿಡದ ವಾಹನ—ಇವುಗಳ ನಡುವೆ ವೃದ್ಧರು ರಸ್ತೆಯಲ್ಲಿ ನಡೆಯುವುದು ಸಾಹಸವೇ. ಅವರ ಪಾಲಿಗೆ ಈ ಕಿರುವನ ವಿಲಾಸವಲ್ಲ, ಅವಶ್ಯಕತೆ.

ನಾಳೆಯ ಮಾತು

ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದು 1985ರ ಕಾಯಿದೆ ನಾಡಿನಲ್ಲಿದೆ. ಅದು ನೆಲವನ್ನು ಉಳಿಸೀತು. ನೆಲದ ಗುಣವನ್ನು ಉಳಿಸಬೇಕಾದವರು ಆಳುವವರೂ ನಡೆಯುವವರೂ. ‘ಅಭಿವೃದ್ಧಿ’ಯೆಂದರೆ ಗಾರೆ ಹಾಸುವುದೆಂದೇ ಬಗೆದರೆ ಇಂಥ ಸ್ಥಳ ಕೆಡುವುದಕ್ಕೆ ಹೆಚ್ಚು ಕಾಲ ಬೇಡ. ಮಣ್ಣು ಮುಚ್ಚಿದರೆ ಮಳೆನೀರು ಇಂಗದು, ಬೇರು ಉಸಿರಾಡದು, ಮುದುಕರ ಮಂಡಿಗೂ ಗಟ್ಟಿನೆಲ ಹಿತವಲ್ಲ.

ಇಲ್ಲಿ ಆಗಬೇಕಾದುದು ದೊಡ್ಡ ವೆಚ್ಚದ ಕೆಲಸವಲ್ಲ. ನಡಿಗೆಯ ಹಾದಿ ಆದಷ್ಟೂ ಮಣ್ಣಿನದಾಗಿರಲಿ. ಮೆಟ್ಟಿಲುಗಳಿರುವೆಡೆ ಹಿಡಿದುಕೊಳ್ಳಲು ಕಂಬಿಯಿರಲಿ. ಉದುರಿದ ಎಲೆಯನ್ನು ಸುಡದೆ ಅಲ್ಲಿಯೇ ಗೊಬ್ಬರ ಮಾಡಲಿ. ಬಂಡೆಯಿಂದಿಳಿದ ಮಳೆನೀರು ಚರಂಡಿ ಸೇರದೆ ಇಂಗುಗುಂಡಿ ಸೇರಲಿ. ಬಂಡೆಯ ಚರಿತ್ರೆಯನ್ನು ತಿಳಿಗನ್ನಡದಲ್ಲಿ ಬರೆದಿಟ್ಟರೆ, ಕಲ್ಲಿನ ಮೇಲೆ ಹೆಸರು ಕೆತ್ತುವ ಹುಡುಗರ ಕೈ ತಾನಾಗಿ ತಡೆದೀತು.

ಇನ್ನೂ ಒಂದು ಸಾಧ್ಯತೆಯುಂಟು. ಗಾಂಧಿಬಜಾರಿನ ಹೂವಿನಂಗಡಿಗಳನ್ನು ಹಾಯ್ದು ಹೊರಟರೆ ಲಾಲ್‌ಬಾಗು ನಡೆದು ಹೋಗುವಷ್ಟೇ ದೂರ; ಕೃಷ್ಣರಾವ್ ಪಾರ್ಕೂ ಹತ್ತಿರವೇ. ಈ ಮೂರನ್ನೂ ನೆರಳಿರುವ, ತಡೆಯಿಲ್ಲದ ಕಾಲುದಾರಿಯೊಂದು ಜೋಡಿಸಿದರೆ ಒಂದು ಬಂಡೆಯಿಂದ ಅದರ ಸೋದರ ಬಂಡೆಯವರೆಗೆ ಮಗುವೂ ಅಜ್ಜಿಯೂ ಕೈಹಿಡಿದು ನಿರ್ಭಯವಾಗಿ ನಡೆಯಬಹುದು. ಹೊಸ ಉದ್ಯಾನಕ್ಕೆ ನೆಲ ದೊರೆಯದ ನಗರದಲ್ಲಿ, ಇರುವ ಉದ್ಯಾನಗಳನ್ನು ಒಂದುಗೂಡಿಸುವುದೇ ಜಾಣತನ.

300 ಕೋಟಿ ವರ್ಷ ಬಾಳಿದ ಬಂಡೆಗೆ ನಮ್ಮ ಆರೈಕೆ ಬೇಕಿಲ್ಲ. ಅದರ ಸುತ್ತಲಿನ ಹಿಡಿ ಮಣ್ಣಿಗೂ ನಾಲ್ಕು ಮರಗಳಿಗೂ ಬೇಕು.