ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾ: ನಮ್ಮ ತೋಟಕ್ಕೆ ಎಷ್ಟು ಉಪಯೋಗ?

ಜೈವಿಕ ಕೀಟನಾಶಕವೆಂಬ ಹೆಸರಿನಲ್ಲಿ ಹಲವು ಬಗೆಯ ಪುಡಿ, ದ್ರಾವಣಗಳು ಮಾರಾಟಕ್ಕೆ ಬಂದಿವೆ. ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ ಸಣ್ಣ ಹಿಡುವಳಿದಾರರಾದ ನಮಗೆಲ್ಲ ಎದುರಾಗುತ್ತದೆ. ಇವುಗಳ ಪೈಕಿ ಬ್ಯಾಕ್ಟೀರಿಯಾದಿಂದ ತಯಾರಾದವು ಕೆಲಸ ಮಾಡುವ ಬಗೆಯನ್ನು ತಿಳಿದರೆ, ಯಾವ ಕೀಟಕ್ಕೆ ಹಣ ಹಾಕಬಹುದು, ಯಾವುದಕ್ಕೆ ಹಾಕಿದರೆ ಹೊಳೆಗೆ ಸುರಿದಂತೆ ಎಂಬುದು ಸ್ಪಷ್ಟವಾಗುತ್ತದೆ.

ಪತ್ತೆಯಾದ ಬಗೆ

1901ರಲ್ಲಿ ಜಪಾನಿನ ಇಶಿವಾಟ ಎಂಬ ವಿಜ್ಞಾನಿ, ರೇಷ್ಮೆ ಹುಳುಗಳು ಹಠಾತ್ತನೆ ಸಾಯುವ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಸುಮಾರು ಹತ್ತು ವರ್ಷಗಳ ತರುವಾಯ ಜರ್ಮನಿಯಲ್ಲಿ ಬರ್ಲಿನರ್ ಎಂಬವರು ಹಿಟ್ಟಿಗೆ ಬೀಳುವ ಪತಂಗದ ಹುಳುವಿನಲ್ಲಿ ಇದೇ ಜೀವಿಯನ್ನು ಕಂಡರು. ಥುರಿಂಗಿಯ ಪ್ರಾಂತ್ಯದ ಹೆಸರಿನಿಂದ ಅದಕ್ಕೆ 'ಬ್ಯಾಸಿಲಸ್ ಥುರಿಂಜಿಯೆನ್ಸಿಸ್' ಎಂಬ ಹೆಸರು ಬಂತು. ಬಳಕೆಯಲ್ಲಿ ಇದು ಬಿ.ಟಿ. 1938ರಲ್ಲಿ ಫ್ರಾನ್ಸಿನಲ್ಲಿ ಇದರ ಮೊದಲ ತಯಾರಿಕೆ ಮಾರಾಟಕ್ಕೆ ಬಂತು. ಬಿ.ಟಿ. ಹತ್ತಿಯಲ್ಲಿರುವುದೂ ಈ ಬ್ಯಾಕ್ಟೀರಿಯಾದ ಗುಣವೇ. ಆದರೆ ನಾವಿಲ್ಲಿ ಹೇಳುತ್ತಿರುವುದು ಸಿಂಪಡಿಸುವ ಬಿ.ಟಿ.ಯ ವಿಚಾರ.

ಕೊಲ್ಲುವ ಕ್ರಮ

ಈ ಬ್ಯಾಕ್ಟೀರಿಯಾ ಬೀಜಕಣದ ಜೊತೆಗೆ ಪ್ರೋಟೀನಿನ ಸಣ್ಣ ಹರಳೊಂದನ್ನು ಕಟ್ಟುತ್ತದೆ. ಎಲೆಯ ಜೊತೆ ಈ ಹರಳು ಹುಳುವಿನ ಹೊಟ್ಟೆ ಸೇರಬೇಕು. ಎಲೆ ತಿನ್ನುವ ಹುಳುವಿನ ಕರುಳು ಕ್ಷಾರಯುಕ್ತ. ಅಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ಹುಳು ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸಿ, ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಮನುಷ್ಯರ ಹೊಟ್ಟೆಯಲ್ಲಿರುವುದು ಆಮ್ಲ; ಆ ಪ್ರೋಟೀನು ಅಂಟುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಆದುದರಿಂದ ನಮಗೆ ಅಪಾಯವಿಲ್ಲ.

ಯಾವುದಕ್ಕೆ ಆದೀತು, ಯಾವುದಕ್ಕೆ ಆಗದು

ತಿನ್ನದೆ ಸಾಯದು ಎಂಬುದೇ ಇಲ್ಲಿಯ ಮುಖ್ಯ ಸೂತ್ರ. ಎಲೆ ತಿನ್ನುವ ಕಂಬಳಿಹುಳು, ಕೈತೋಟದ ಕೋಸಿನ ಹುಳು ಮುಂತಾದವು ಎಳೆಯ ಹಂತದಲ್ಲಿದ್ದಾಗ ಇದಕ್ಕೆ ಬಲಿಯಾಗುತ್ತವೆ. ಹಸಿರು ತಿಗಣೆ, ಹಿಟ್ಟು ತಿಗಣೆ, ಅಡಿಕೆಯ ಸುಳಿ ತಿಗಣೆ ರಸ ಹೀರುತ್ತವೆಯೇ ಹೊರತು ಎಲೆಯ ಮೇಲಿನದನ್ನು ತಿನ್ನುವುದಿಲ್ಲ, ಅವಕ್ಕೆ ಬಿ.ಟಿ. ನಿರುಪಯೋಗಿ. ದುಂಬಿ ಜಾತಿಯ ಮೇಲೆ ಕೆಲಸ ಮಾಡುವ ಬಿ.ಟಿ. ತಳಿಯೊಂದು 1983ರಲ್ಲಿ ಬೆಳಕಿಗೆ ಬಂದಿದೆ. ಹಾಗಿದ್ದರೂ ಕಾಫಿಯ ಬಿಳಿ ಕಾಂಡಕೊರಕದ ಹುಳು ಮರದೊಳಗೆ, ಕಾಯಿಕೊರಕ ಕಾಯಿಯೊಳಗೆ ಕುಳಿತು ತಿನ್ನುವುದರಿಂದ ಹೊರಗೆ ಹೊಡೆದದ್ದು ಅವುಗಳ ಬಾಯಿಗೆ ತಲಪದು. ಕಾಂಡಕೊರಕ ತಗುಲಿದ ಗಿಡಗಳನ್ನು ದುಂಬಿ ಹೊರಬರುವ ಮುನ್ನ ಕಿತ್ತು ಸುಡುವ ಕೆಲಸವನ್ನು ಯಾವ ಪುಡಿಯೂ ತಪ್ಪಿಸದು.

ಅಡಿಕೆಯ ಬೇರುಹುಳು

ಇಲ್ಲಿ ಬೇರೊಂದು ದಾರಿಯಿದೆ. ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮ ಜಂತುಹುಳುಗಳು ತಮ್ಮ ಕರುಳಿನಲ್ಲಿ ಬ್ಯಾಕ್ಟೀರಿಯಾವನ್ನು ಹೊತ್ತು ತಿರುಗುತ್ತವೆ. ಬೇರುಹುಳುವಿನ ಬಾಯಿ ಅಥವಾ ಉಸಿರಾಟದ ರಂಧ್ರದ ಮೂಲಕ ಒಳನುಗ್ಗಿ ಅದನ್ನು ಬಿಡುತ್ತವೆ. ಅದು ರಕ್ತದಲ್ಲಿ ಬೆಳೆದು ಹುಳುವನ್ನು ಕೊಲ್ಲುತ್ತದೆ. ಸ್ಟೈನರ್ನೀಮಾ ಎಂಬ ಇಂಥ ಜಂತುವಿನ ಬಳಕೆಯನ್ನು ಸಿ.ಪಿ.ಸಿ.ಆರ್.ಐ. ಶಿಫಾರಸು ಮಾಡಿದೆ. ಜಂತುಗಳು ಬದುಕಲು ಮಣ್ಣಿನಲ್ಲಿ ತೇವ ಬೇಕು. ಒಣ ನೆಲಕ್ಕೆ ಹಾಕಿದರೆ ವ್ಯರ್ಥ. ಮುಂಗಾರಿನ ಆರಂಭದಲ್ಲಿ ಸಂಜೆ ಹೊರಬರುವ ದುಂಬಿಗಳನ್ನು ಹಿಡಿದು ಕೊಲ್ಲುವುದನ್ನೂ ಬಿಡಬಾರದು.

ಗಮನಿಸಬೇಕಾದ ಅಂಶಗಳು

1. ಬಿಸಿಲು ಬಿ.ಟಿ.ಯನ್ನು ಕೆಡಿಸುತ್ತದೆ, ಮಳೆ ತೊಳೆಯುತ್ತದೆ. ಮಳೆಯಿಲ್ಲದ ದಿನ ಸಂಜೆಯ ಹೊತ್ತು ಸಿಂಪಡಿಸಬೇಕು.

2. ಸುಣ್ಣವಿರುವ ಬೋರ್ಡೋ ದ್ರಾವಣದೊಡನೆ ಬೆರೆಸಬಾರದು. ಕ್ಷಾರದಲ್ಲಿ ಹರಳು ಪಂಪಿನೊಳಗೇ ಹಾಳಾಗುತ್ತದೆ.

3. ಹಿಪ್ಪುನೇರಳೆ ಇರುವ ಕಡೆ ಸರ್ವಥಾ ಬೇಡ. ಈ ಬ್ಯಾಕ್ಟೀರಿಯಾ ಮೊದಲು ಕೊಂದದ್ದು ರೇಷ್ಮೆ ಹುಳುವನ್ನೇ. ಗಾಳಿಗೆ ತೂರಿದ ಸಿಂಪಡಣೆ ನೆರೆಯವರ ರೇಷ್ಮೆಯನ್ನೇ ಕಳೆದೀತು.

4. ಪದೇ ಪದೇ ಇದನ್ನೇ ಹೊಡೆದರೆ ಕೀಟ ಒಗ್ಗಿಕೊಳ್ಳುತ್ತದೆ. ಹವಾಯಿಯಲ್ಲಿ ಕೋಸಿನ ಪತಂಗ ಹೀಗೆ ಒಗ್ಗಿಕೊಂಡದ್ದು 1990ರಲ್ಲಿ ವರದಿಯಾಯಿತು.

5. ಇದು ಜೀವಂತ ವಸ್ತು. ಪೊಟ್ಟಣದ ಮೇಲಿನ ಅವಧಿ ನೋಡಿ ಕೊಂಡು, ತಂಪಾದ ನೆರಳಿನಲ್ಲಿ ಇಡಬೇಕು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಪೊಟ್ಟಣ ಕೊಳ್ಳುವ ಮೊದಲು ಕೀಟವನ್ನು ಗುರುತಿಸಿ. ಗುರುತು ಸಿಗದಿದ್ದರೆ ಹುಳುವನ್ನು ಶೀಶೆಯಲ್ಲಿ ಹಾಕಿ ಸಂಘದ ಕಚೇರಿಗೆ ತನ್ನಿ. ಕಾಫಿಯದಾದರೆ ಬಾಳೆಹೊನ್ನೂರಿನ, ಅಡಿಕೆಯದಾದರೆ ವಿಟ್ಲದ ಸಂಶೋಧನಾ ಕೇಂದ್ರದವರ ಸಲಹೆ ಪಡೆದು ಮುಂದುವರಿಯೋಣ.